ಮೂರನೇ ವರ್ಷನ್ನಿನ ಕೈ

ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಕೆಲಸಗಾರರ ಕೃತಕ ಕೈಗಳಿಗೆ, ಅವು ಆ ದಿನ ಆಡಲು ಬೇಕಾದ ಕೋಡ್ ಅನ್ನು ದಿನಾ ಬೆಳಿಗ್ಗೆ ಬರೆದುಕೊಡುವ ಯಂತ್ರ, ಇಂದು ಸಾಕಮ್ಮನ ಕೈಗೆ ಬರೆಯಲಿಲ್ಲ.

"ನಿಮ್ಮದು ಮೂರನೇ ವರ್ಷನ್. ಕಾರ್ಖಾನೆಯಲ್ಲಿ ಅಂಥ ಎರಡು ಕೈಗಳಾದರೂ ಬಳಕೆಯಲ್ಲಿದ್ದರಷ್ಟೇ ಹಳೆಯ ವರ್ಷನ್ನಿಗೆ ಕೋಡ್ ಬರೆಯುತ್ತೇನೆ. ಈಗ ಉಳಿದಿರುವುದು ಒಂದೇ."

"ಸುಳ್ಳು ಬೊಗಳ್ಬೇಡ! ನಂದೊಂದು, ಭಾಗೀರಥೀದೊಂದು. ಕೈ ಬದಲಾಯಿಸಿದ್ರೆ ಇಬ್ರೂ ಒಟ್ಟಿಗೇ ಅಂತ ಆಣೆ ಮಾಡಿದೀವಿ."

ಅಷ್ಟರಲ್ಲಿ ಗೆಳತಿ ಭಾಗೀರಥಿ ಟೀ ತಂದಳು. ಮೂರನೇ ವರ್ಷನ್ನಿನ ಕೈ ನಡುಗುತ್ತದೆ. ಹನ್ನೊಂದು ವರ್ಷದಿಂದ ಅವಳು ತರುವ ಲೋಟ ಬಾಗಿಲು ದಾಟುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತಿತ್ತು, ಇಬ್ಬರೂ ನಗುತ್ತಿದ್ದರು.

ಇವತ್ತು ಲೋಟ ಅಂಚಿನವರೆಗೂ ತುಂಬಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಆರೋಗುತ್ತೆ, ಕುಡಿಯೇ," ಎಂದಳು ಭಾಗೀರಥಿ, ಮುಖ ನೋಡದೆ.

ಲೋಟ ಹಿಡಿಯಲು ಸಾಕಮ್ಮನ ಬೆರಳುಗಳು ಮಡಚಿಕೊಳ್ಳಲಿಲ್ಲ.