ಇನ್ನೂರಾ ಹನ್ನೊಂದನೆಯ ಹಪ್ಪಳ

ಇಂಗಿನ ವಾಸನೆ ಬಂದರೆ ಈಗಲೂ ಖಾನಾಪುರದ ಅಜ್ಜಿಯ ಮಾಳಿಗೆ ಕಣ್ಣ ಮುಂದೆ ಬರುತ್ತದೆ. ಹಸಿ ಹಪ್ಪಳಗಳನ್ನು ಸಾಲಿಗೆ ಇಷ್ಟೇ ಎಂದು ಸಮನಾಗಿ ಒಣಹಾಕಬೇಕು, ಕಾಗೆ ಒಂದನ್ನು ಒಯ್ದರೂ ಗೊತ್ತಾಗಬೇಕು ಎಂಬುದು ಅವಳ ನೇಮ. ಸಾಲು ಸಮನಾಗದೆ ನಾನು ನಂದಗಡದ ಸಂತೆಗೆ ಹೋಗುವಂತಿರಲಿಲ್ಲ.

ಐದರಂತೆ, ಆರರಂತೆ, ಏಳರಂತೆ ಇಟ್ಟೆ. ಪ್ರತಿಸಲವೂ ಒಂದು ಉಳಿಯಿತು. ಕೆಳಗೆ ಮಾಮಾ ಸ್ಕೂಟರಿನ ಹಾರ್ನ್ ಬಾರಿಸುತ್ತಿದ್ದ.

ಬೆಳಗಾವಿಯಲ್ಲಿ ಗಣಿತ ಓದುತ್ತಿದ್ದ ಚಿಕ್ಕಮ್ಮ ಎಣಿಸಿ ನಕ್ಕಳು. "ಇನ್ನೂರಾ ಹನ್ನೊಂದು ಅದಾವ ಯವ್ವಾ. ಅವಿಭಾಜ್ಯ ಸಂಖ್ಯೆ ಇದು, ಯಾರ ಇಟ್ರೂ ಸಮಾ ಆಗಂಗಿಲ್ಲ."

"ಹಂಗಾದ್ರ ಆ ಮೊಂಡ ಒಂದನ್ನ ನೀನ ತಿಂದು ಓಡೋ, ಸಂತಿ ಮುಗೀತೈತಿ," ಎಂದಳು ಅಜ್ಜಿ.

ಆ ಸಂಖ್ಯೆಯನ್ನು ನಾನೇ ಆಮೇಲೆ ನೆನಪಿನಲ್ಲಿ ಹೊಂದಿಸಿಕೊಂಡೆನೋ ಏನೋ. ಸ್ಕೂಟರಿನ ಹಿಂದೆ ಕೂತು ನಂದಗಡದವರೆಗೂ ಚೂರುಚೂರೇ ಜಗಿದ ಹಸಿ ಹಿಟ್ಟಿನ ಖಾರ ಮಾತ್ರ ಇನ್ನೂ ನಾಲಿಗೆಯ ಮೇಲಿದೆ.