ಕಾಯಿಸಿದ ಗಿಟಾರು

ಕಾದ ತೊಗಲಿನ ವಾಸನೆ ಬಂತೆಂದರೆ ಅಪ್ಪ ತಮಟೆಯನ್ನು ಬೆಂಕಿಗೆ ಹಿಡಿದಿದ್ದಾನೆ ಎಂದು ಓಬವ್ವನಿಗೆ ಮಾತು ಬಾರದ ವಯಸ್ಸಿನಿಂದ ಗೊತ್ತು. ಆದರೆ ಅವತ್ತು ಬೆಳಗ್ಗೆ ಅಂಗಳದಿಂದ ಬಂದದ್ದು ವಾರ್ನಿಷಿನ ವಾಸನೆ. ಕಾಫಿ ಲೋಟ ಕೆಳಗಿಟ್ಟು ಹೊರಗೆ ಓಡಿದಳು. ಅವಳ ಹಿಂದೆಯೇ, ಹಾಡಿನ ತಾಲೀಮಿಗೆಂದು ಬಂದು ಕಾಫಿ ಕುಡಿಯುತ್ತಿದ್ದ ಜಯದೇವಪ್ಪನೂ ಓಡಿದ. ಚನ್ನಗಿರಿ ಕಾಲೇಜಿನಲ್ಲಿ ಅವಳಿಗಿಂತ ಒಂದು ವರ್ಷ ಮುಂದಿದ್ದ ಅವನು ಹಾಡಿನ ತಂಡದ ಮುಂದಾಳು. ಗಿಟಾರು ಅವನದೇ.

ಮಾರಪ್ಪ ಹುಲ್ಲಿನ ಬೆಂಕಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಗಿಟಾರನ್ನು ಉರಿಗೆ ಹಿಡಿದು ತಿರುಗಿಸುತ್ತಿದ್ದ. ತಮಟೆ ಆಗಲೇ ಕಾದು ಗೋಡೆಗೆ ಒರಗಿತ್ತು.

“ಅಯ್ಯೋ, ಏನ್ ಮಾಡ್ತಿದೀಯಪ್ಪಾ?”

“ಕಾಯಿಸ್ತಿದೀನಿ ಕಣವ್ವ. ರಾತ್ರಿ ಇಬ್ಬನಿಗೆ ಮೆತ್ತಗಾಗಿರ್ಬೇಕು. ಬೆಳಗ್ನಿಂದ ಸೊಳ್ಳೆ ಅಂದಂಗೆ ಅಂತೈತೆ.”

ಜಯದೇವಪ್ಪ ಗಿಟಾರನ್ನು ಕಿತ್ತುಕೊಂಡ. “ಇದು ಮರ ಮಾರಪ್ಪಾರೇ, ತೊಗಲಲ್ಲ!”

“ಬಂಡಿ ಗಾಲಿಗೆ ಹಳಿ ಕಾಯ್ಸಿ ಹಾಕಲ್ವೇನ್ರಿ? ಅದೂ ಮರನೇ.”

ಎಂಬತ್ತೆರಡನೆಯ ಇಸವಿಯ ಮಾಗಿ ಅದು. ಅಂದು ಸಂತೇಬೆನ್ನೂರಿನ ಸಂತೆ, ಮಧ್ಯಾಹ್ನ ತಂಡ ಅಲ್ಲಿ ಹಾಡಬೇಕಿತ್ತು. ಓಬವ್ವ ತಾನೇ ಒಂದು ಪದ ಕಟ್ಟಿದ್ದಳು, ಅಡಿಕೆ ಸುಲಿದು ಚೊಗರಿಗೆ ಕಪ್ಪಾದ ಅವ್ವನ ಬೆರಳುಗಳ ಮೇಲೆ. ಆದರೆ ಅವಳದು ತಗ್ಗಿನ ದನಿ. ತಮಟೆಯ ಜೊತೆ ಕೇಳಿಸುತ್ತಲೇ ಇರಲಿಲ್ಲ. ಗಿಟಾರಿನ ಜೊತೆ ಹಾಡಿದರೆ ಅದರ ಶ್ರುತಿ ಎಟುಕದೆ ಮೂರನೆಯ ಸಾಲಿಗೆ ಗಂಟಲು ಒಡೆಯುತ್ತಿತ್ತು. ಗಿಟಾರು ಕಲಿಸಿದ ಮೇಷ್ಟ್ರು ಜಯದೇವಪ್ಪನ ದನಿಗೆ ತಕ್ಕಂತೆ ಬಿಗಿದುಕೊಟ್ಟ ಬಿರಡೆಗಳನ್ನು ಅವನು ಮುಟ್ಟಿಯೂ ಇರಲಿಲ್ಲ. ಕಾಫಿ ಕುಡಿಯುವಾಗ ಹೇಳಿಯೂ ಆಗಿತ್ತು: “ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಆ ಪದ ನಾನೇ ಹಾಡ್ತೀನಿ. ನೀನು ಹಿಮ್ಮೇಳಕ್ಕೆ ನಿಂತ್ಕೋ.”

ಈಗ ಅವನು ತಂತಿ ಮೀಟಿದ. ಕಾವಿಗೆ ಎಲ್ಲವೂ ಸಡಿಲಾಗಿ ಒಂದೊಂದು ಒಂದೊಂದು ಕಡೆ ಇಳಿದಿದ್ದವು. “ಹೋಯ್ತು, ಪೂರ್ತಿ ಹೋಯ್ತು,” ಎಂದು ಬಿರಡೆಗೆ ಕೈ ಹಾಕಿದ.

ಮಾರಪ್ಪ ಎದ್ದು ನಿಂತ. “ತಪ್ಪಾತು ಸ್ವಾಮಿ. ಮಗಳು ಹಾಡೋದಲ್ವಾ ಅಂತ...”

“ತಡೀರಿ ಜಯದೇವಣ್ಣ,” ಎಂದಳು ಓಬವ್ವ. “ಆ ದಪ್ಪ ತಂತಿ ಇನ್ನೊಂದ್ಸಲ ಮೀಟ್ರಿ.”

ಮೀಟಿದ. ಅವಳು ಆ ಶ್ರುತಿಯನ್ನೇ ಹಿಡಿದು ಹಾಡಿದಳು. ಮೂರನೆಯ ಸಾಲು ಬಂತು, ಹೋಯಿತು. ಗಂಟಲು ಒಡೆಯಲಿಲ್ಲ. ಪದ ಮುಗಿದ ಮೇಲೆ ಜಯದೇವಪ್ಪ ಉಳಿದ ತಂತಿಗಳನ್ನೂ ಒಂದೊಂದಾಗಿ ಇಳಿಸಿ ಆ ದಪ್ಪ ತಂತಿಗೆ ಹೊಂದಿಸತೊಡಗಿದ. ಗಿಟಾರಿನ ಬೆನ್ನಿನಲ್ಲಿ ಅಂಗೈಯಗಲ ಬಣ್ಣ ಉಬ್ಬಿತ್ತು. ಅಂಗಿಯ ತುದಿಯಿಂದ ಅದನ್ನು ಒರೆಸಿದನೇ ಹೊರತು ಮಾರಪ್ಪನ ಎದುರು ಅದರ ಮಾತೆತ್ತಲಿಲ್ಲ.

“ಹಂಗಾರೆ ಹದ ಆತಾ?” ಮಾರಪ್ಪ ಮಗಳನ್ನು ಕೇಳಿದ.

“ಆತು ಕಣಪ್ಪ. ಇನ್ನು ಕಾಯಿಸ್ಬೇಡ.”

ಸಂತೆಯಲ್ಲಿ ಮೊದಲು ತಮಟೆ ಬಾರಿಸಿದರು. ಜನ ಇದ್ದಲ್ಲಿಂದಲೇ ಕೇಳಿದರು. ತಮಟೆ ಕೇಳಲು ಯಾರೂ ಹತ್ತಿರ ಬರಬೇಕಾಗಿಲ್ಲ. ಆಮೇಲೆ ಓಬವ್ವ ನಿಂತಳು, ಪಕ್ಕದಲ್ಲಿ ಗಿಟಾರು ಹಿಡಿದು ಜಯದೇವಪ್ಪ. ಮೆಣಸಿನಕಾಯಿ ರಾಶಿಯ ಆಚೆ ಇದ್ದವರಿಗೆ ಅವಳ ತುಟಿ ಆಡುವುದಷ್ಟೇ ಕಂಡಿತು.

“ಏನಂತೆ? ಏನ್ ಹೇಳ್ತಾಳೆ ಆ ಹುಡುಗಿ?”

“ಸುಮ್ನಿರೋ, ಕೇಳಾಕೆ ಬಿಡು.”

ಒಬ್ಬಿಬ್ಬರು ಮುಂದೆ ಬಂದರು, ಅವರ ಹಿಂದೆ ಇನ್ನಷ್ಟು ಜನ. ಓಬವ್ವನ ಕೇರಿಯವರು ಎದುರಾದರೆ ಮೈ ತಾಗದಂತೆ ಸರಿದು ನಡೆಯುವವರೂ ಅವಳಿಂದ ಒಂದು ಮಾರು ದೂರಕ್ಕೆ ಬಂದು, ಒಬ್ಬರಿಗೊಬ್ಬರು ಒತ್ತಿಕೊಂಡು ಕಿವಿಗೊಟ್ಟರು.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಮೆಲ್ಲಗೆ ಚದುರಿದರು. ಒಬ್ಬ ಹೆಂಗಸು ಮಾತ್ರ ಅಲ್ಲೇ ಉಳಿದಳು. ಅವಳು ಅಜ್ಜಮ್ಮ, ಓಬವ್ವನ ತಾಯಿ ಅಡಿಕೆ ಸುಲಿಯಲು ಹೋಗುವ ಮನೆಯ ಯಜಮಾನಿ. ಆ ಮನೆಯ ಹಿತ್ತಲಲ್ಲಿ ಮಧ್ಯಾಹ್ನದ ರೊಟ್ಟಿ ಕೂಲಿ ಹೆಂಗಸರ ಸೆರಗಿಗೆ, ಕೈ ತಾಗದಂತೆ, ಮೇಲಿನಿಂದಲೇ ಬೀಳುತ್ತಿತ್ತು.

ಅಜ್ಜಮ್ಮ ತನಗೆಂದು ತಂದಿದ್ದ ಬುತ್ತಿಯ ಗಂಟು ಬಿಚ್ಚಿದಳು. ಓಬವ್ವನ ಕೈ ಅವಳಿಗೇ ಅರಿವಿಲ್ಲದೆ ಸೆರಗು ಒಡ್ಡಿತು. ಅಜ್ಜಮ್ಮ ಅವಳ ಮುಖ ನೋಡಲಿಲ್ಲ. ಸೆರಗನ್ನು ಪಕ್ಕಕ್ಕೆ ಸರಿಸಿ, ಪಲ್ಯ ಸುತ್ತಿದ ರೊಟ್ಟಿಯನ್ನು ಅವಳ ಅಂಗೈಯಲ್ಲಿ ಇಟ್ಟಳು.