ಪಕ್ಕದ ಸೀಟಿನ ಬ್ರೇಕು

ಕಾರು ಇನ್ನೂ ಅಪಾರ್ಟ್‌ಮೆಂಟಿನ ಗೇಟು ದಾಟಿರಲಿಲ್ಲ, ಆಗಲೇ ಮಧುಕರ್ ಬ್ರೇಕು ತುಳಿಯತೊಡಗಿದ್ದ. ಅವನು ಕೂತಿದ್ದದ್ದು ಪಕ್ಕದ ಸೀಟಿನಲ್ಲಿ. ಅಲ್ಲಿ ಬ್ರೇಕೇ ಇರುವುದಿಲ್ಲ! ಆದರೂ ಮಹಾಶಯ ಕಾಲಡಿಯ ಮ್ಯಾಟನ್ನು ಧಪಧಪ ಒದ್ದ. "ಬ್ರೇಕ್ ಹಾಕೇ, ಬ್ರೇಕ್!" ಸ್ಟಿಯರಿಂಗ್ ಹಿಡಿದಿದ್ದ ಹೆಂಡತಿ ಹೇಮಶ್ರೀ ಗಾಬರಿಯಿಂದ ನಿಜವಾದ ಬ್ರೇಕನ್ನೇ ಒತ್ತಿಬಿಟ್ಟಳು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು.

"ನೋಡ್ದ್ಯಾ? ಮನೆ ಹತ್ರ, ಈ ಫ್ರೀಮಾಂಟಲ್ಲೇ ಹಿಂಗೆ. ನೀನು ದಿನಾ ಬ್ರಿಡ್ಜ್ ದಾಟ್ಕೊಂಡು ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತೀಯಾ? ಇವತ್ತು ಅಲ್ಲೀವರ್ಗೂ ಓಡ್ಸಿ ತೋರ್ಸು. ಆಗ್ಲಿಲ್ಲ ಅಂದ್ರೆ ಆ ಲ್ಯಾಬಿನೋರ್ಗೆ ಬರಲ್ಲ ಅಂತ ಹೇಳ್ಬಿಡು."

ಹೇಮಶ್ರೀಗೆ ಸಿಟ್ಟು ನೆತ್ತಿಗೇರಿತು. ಎಮ್ಮೆಸ್ಸಿ ಮಾಡಿಯೂ ಇಷ್ಟು ವರ್ಷ ಮನೆಯಲ್ಲಿ ಒಗ್ಗರಣೆ ಹಾಕಿಕೊಂಡಿದ್ದವಳಿಗೆ ಕೊನೆಗೂ ಸಿಕ್ಕ ಕೆಲಸ ಆ ಲ್ಯಾಬಿನದು. ನಾಳೆ ಸೇರಬೇಕು. ಲೈಸೆನ್ಸೂ ಇದೆ. ಡ್ರೈವಿಂಗ್ ಕಲಿಸಿದ ಕೆಳಗಿನ ಮನೆಯ ಸಚಿಕೋ ಅಜ್ಜಿ ಪಕ್ಕದಲ್ಲಿದ್ದರೆ ಹೂವೆತ್ತಿದಂತೆ ಓಡಿಸುತ್ತಾಳೆ. ಗಂಡ ಕೂತರೆ ಮಾತ್ರ ಕೈಕಾಲು ಅವಳ ಮಾತು ಕೇಳುವುದಿಲ್ಲ.

ಕುಂಡಗಳಿಗೆ ನೀರು ಹಾಕುತ್ತಿದ್ದ ಆ ಅಜ್ಜಿಯೇ ಬಂದು ಮಧುಕರನ ಕಿಟಕಿ ತಟ್ಟಿದರು. ಶೂ ಬಿಚ್ಚಿ ಕೊಡು ಎಂದರು ಇಂಗ್ಲಿಷಿನಲ್ಲಿ. ಅವನು ಕಣ್ಣುಕಣ್ಣು ಬಿಟ್ಟ. ಅಜ್ಜಿಯ ತವರು ಜಪಾನಿನಲ್ಲಿ ಒಂದು ಮಾತಿದೆಯಂತೆ: ನಿರ್ಧಾರವನ್ನು ಪೂರ್ತಿ ಇನ್ನೊಬ್ಬರಿಗೆ ಬಿಟ್ಟವನನ್ನು 'ಗೆತಾ ಒಪ್ಪಿಸಿದ' ಎನ್ನುತ್ತಾರಂತೆ. ಗೆತಾ ಅಂದರೆ ಮರದ ಚಪ್ಪಲಿ. ಅದನ್ನು ಕೊಟ್ಟವನು ಆಮೇಲೆ ತಾನಾಗಿ ಒಂದು ಹೆಜ್ಜೆಯೂ ಇಡುವಂತಿಲ್ಲ.

"ಇದೇನ್ ಮಹಾ? ನಮ್ಮಲ್ಲೂ ರಾಮ ಭರತನಿಗೆ ಪಾದುಕೆ ಕೊಡ್ಲಿಲ್ವಾ?" ಎಂದ ಮಧುಕರ್, ಹೆಂಡತಿಯ ಕಡೆ ತಿರುಗಿ.

"ಕೊಟ್ಟ. ಕೊಟ್ಟು ಸುಮ್ನೆ ಕಾಡಲ್ಲಿದ್ದ. ಅಲ್ಲಿಂದ ಬ್ರೇಕ್ ಬ್ರೇಕ್ ಅಂತ ಕೂಗ್ಲಿಲ್ಲ. ಬಿಚ್ರೀ!"

ಗೊಣಗುತ್ತಲೇ ಬಿಚ್ಚಿಕೊಟ್ಟ. ಅಜ್ಜಿ ಎರಡನ್ನೂ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬರೀ ಸಾಕ್ಸಿನ ಕಾಲು ಎಲ್ಲಿಡುವುದೆಂದು ತೋಚದೆ ಅವನು ಸೀಟಿನ ಮೇಲೆ ಊಟದ ಪಂಕ್ತಿಯಲ್ಲಿ ಕೂತವನಂತೆ ಚಕ್ಕಳಮಕ್ಕಳ ಹಾಕಿದ.

ಫ್ರೀವೇ ಸೇರುವ ಜಾಗ ಬಂತು. ಎಡಗಡೆ ಒಂದರ ಹಿಂದೆ ಒಂದು ಟ್ರಕ್ಕು. "ರೀ, ಈಗ ನುಗ್ಲಾ?" ಹೇಮಶ್ರೀ ಅಭ್ಯಾಸಬಲದಿಂದ ಕೇಳಿಬಿಟ್ಟಳು. ಮಧುಕರ್ ಬಾಯಿ ತೆರೆದವನು ಹಾಗೇ ಮುಚ್ಚಿ, ತನ್ನ ಕಾಲ್ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನ್ನ ಕೇಳ್ಬೇಡ. ನೀನೇ ನೋಡು."

ಅವಳು ಕನ್ನಡಿ ನೋಡಿದಳು, ಹೆಗಲ ಮೇಲಿಂದ ತಿರುಗಿ ನೋಡಿದಳು, ಎರಡು ಟ್ರಕ್ಕುಗಳ ನಡುವೆ ಜಾಗ ಕಂಡದ್ದೇ ಆಕ್ಸಿಲರೇಟರ್ ಒತ್ತಿದಳು. ಕಾರು ಸಲೀಸಾಗಿ ಒಳಸೇರಿತು. ಅಬ್ಬಾ! ಯಾರೂ ಹಾರ್ನ್ ಕೂಡ ಹೊಡೆಯಲಿಲ್ಲ. ರಸ್ತೆ ಪಕ್ಕದ ಡಾಟ್‌ಕಾಂ ಜಾಹೀರಾತುಗಳು ಒಂದೊಂದಾಗಿ ಹಿಂದೆ ಸರಿದವು. ಖುಷಿ ತಡೆಯಲಾರದೆ ಒಬ್ಬಳೇ ಜೋರಾಗಿ ನಕ್ಕಳು.

ಸೇತುವೆಯ ಏರು ಹತ್ತುವಾಗ ಗೊರಗೊರ ಸದ್ದು ಕೇಳಿಸಿತು. ಎಂಜಿನ್ನಿಗೇನಾಯ್ತಪ್ಪಾ ಎಂದು ಕಿವಿಗೊಟ್ಟಳು. ಎಂಜಿನ್ನಲ್ಲ, ಮಧುಕರ್! ಕಂಪನಿಯ ಶೇರು ಮಾರುಕಟ್ಟೆಗೆ ಬರುವ ಗಡಿಬಿಡಿಯಲ್ಲಿ ವಾರವೆಲ್ಲ ನಿದ್ದೆಗೆಟ್ಟಿದ್ದ ಪ್ರಾಣಿ, ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿತ್ತು.

ಲ್ಯಾಬಿನ ಎಕ್ಸಿಟ್ಟು ಬಂತು. ಅಲ್ಲಿಂದ ತಿರುಗಿಸಿಕೊಂಡು ವಾಪಸು ಬರುವುದೆಂದು ಮಾತಾಗಿತ್ತು. ಹೇಮಶ್ರೀ ತಿರುಗಿಸಲಿಲ್ಲ, ನೇರ ಹೊರಟಳು. ಮಧುಕರ್ ಅರ್ಧ ಕಣ್ಣು ತೆರೆದ.

"ಎಲ್ಲಿದೀವೇ?"

"ಲ್ಯಾಬು ಆಗ್ಲೇ ದಾಟಾಯ್ತು. ಸಮುದ್ರ ನೋಡ್ಕೊಂಡ್ ಹೋಗೋಣ ಅಂತ."

ಮಧುಕರ್ ಒಮ್ಮೆ ರಸ್ತೆಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

"ಅಲ್ಲೀತನ್ಕ ಎಬ್ಬಿಸ್ಬೇಡ," ಎಂದು ಆ ಕಡೆ ಮಗ್ಗುಲಾದ.